560001 ಒಡೆದು ನೋಡಿದ್ವಿ

ಒಂದು ಕವರ್ ಮೇಲೆ ಜಿಪಿಒ (ಪ್ರಧಾನ ಅಂಚೆ ಕಚೇರಿ) ವಿಳಾಸ ಬರೆಯುತ್ತಿದ್ದೆ, ಬೆಂಗಳೂರು 560001 ಅಂತ. ಪಕ್ಕದಲ್ಲಿದ್ದ ಮಗಳು "ಅಪ್ಪಾ, ಇದು ಅವಿಭಾಜ್ಯ ಸಂಖ್ಯೆನಾ?" ಅಂದಳು. ನೋಡೋಕೆ ಹಾಗೇ ಇದೆ ಅಲ್ವಾ, ಕೊನೆಯಲ್ಲಿ 1 ಬೇರೆ.

ಆದರೆ ಅಂಕಿಗಳನ್ನು ಕೂಡಿ ನೋಡಿ: 5, 6, 1 ಸೇರಿ 12. ಮೂರರಿಂದ ಭಾಗವಾಗಲೇಬೇಕು! ಭಾಗಿಸಿದರೆ 186667, ಅದನ್ನು 13ರಿಂದ ಭಾಗಿಸಿದರೆ 14359. ಅಲ್ಲಿಗೆ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತ ಹಾಗಾಯಿತು. 120ರ ವರ್ಗವೇ 14400, ಅಂದರೆ 14359 ಒಡೆಯುವುದಾದರೆ ಒಂದು ಭಾಜಕ 120ಕ್ಕಿಂತ ಚಿಕ್ಕದಿರಲೇಬೇಕು, ಹಾಗಾಗಿ 120ರೊಳಗಿನ ಅವಿಭಾಜ್ಯಗಳನ್ನಷ್ಟೇ ನೋಡಿದರೆ ಸಾಕು ಅಂತ ಗೊತ್ತಿದ್ದರೂ 17, 19, 23 ಅಂತ ಒಂದೊಂದಾಗಿ ತಳ್ಳಿಕೊಂಡು ಹೋಗಿ, ಹಾಳೆಯ ಎರಡೂ ಬದಿ ತುಂಬಿಸಿ, ಕಡೆಗೆ 83ರಲ್ಲಿ ಸಿಕ್ಕಿತು. 83 × 173. ಅಂದರೆ 560001 = 3 × 13 × 83 × 173. ಒಟ್ಟು 16 ಭಾಜಕಗಳು.

ಇನ್ನೊಂದು ಮಜಾ ಇದೆ. 560000 ಏಳರಿಂದ ಸರಿಯಾಗಿ ಭಾಗವಾಗುತ್ತದೆ. ಹಾಗಾಗಿ ನಮ್ಮೂರಿನ 560ರ ಪಿನ್‌ಕೋಡ್‌ಗಳಿಗೆ ಕೊನೆಯ ಮೂರು ಅಂಕಿ ನೋಡಿದರೆ ಆಯಿತು. ಬನಶಂಕರಿ ಎರಡನೇ ಹಂತದ 560070? 70 ಏಳರ ಮಗ್ಗಿಯಲ್ಲಿದೆ, ಮುಗೀತು. ಬಸವನಗುಡಿಯ 560004ಕ್ಕೆ ಏಳು ಹೋಗುವುದಿಲ್ಲ, ಆದರೆ ಭಾಜಕಗಳು ಮಾತ್ರ ಜಾಸ್ತಿ, 24. ಅದನ್ನು ಒಡೆಯುವ ಕೆಲಸ ಈಗ ಮಗಳದು. ಕವರ್ ಇನ್ನೂ ಮೇಜಿನ ಮೇಲೇ ಇದೆ.