ಬ್ರೆಕ್ಸಿಟ್: ಹುಡುಗರು ವೋಟು ಹಾಕದ್ದಕ್ಕೇ ಹೀಗಾಯಿತಾ?

ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ: ‘ಹುಡುಗರು ವೋಟು ಹಾಕದೆ ಮನೇಲಿ ಕೂತರು, ಮುದುಕರು ಸಾಲುಗಟ್ಟಿ ಹೋಗಿ ಹಾಕಿದರು, ಅದಕ್ಕೇ ಬ್ರೆಕ್ಸಿಟ್ ಆಯಿತು, ಅಲ್ವಾ?’ ಹಿಂದೆಯೇ ಇನ್ನೊಂದು: ‘ಲೇಬರ್ ಪಕ್ಷದ ಅಂದಿನ ನಾಯಕ ಕಾರ್ಬಿನ್ ಮನಸ್ಸಿಟ್ಟು ಪ್ರಚಾರ ಮಾಡಿದ್ದರೆ ಗೆಲ್ತಿದ್ರು, ಅಲ್ವಾ?’ ಮೊದಲನೆಯದಕ್ಕೆ ನನ್ನ ಉತ್ತರ ಇಲ್ಲ ಎಂದೇ. ಎರಡನೆಯದರಲ್ಲಿ ಸ್ವಲ್ಪ ಹುರುಳಿದೆ, ಆದರೆ ಲೆಕ್ಕ ಕೇಳಬೇಕಾದ್ದು ಮೊದಲು ಇನ್ನೊಬ್ಬರನ್ನು.

2016ರ ಜೂನ್ 23ರ ಜನಮತಗಣನೆಯಲ್ಲಿ ಹೊರಬರೋಣ ಎಂದವರು 1,74,10,742. ಉಳಿಯೋಣ ಎಂದವರು 1,61,41,241. ಅಂತರ ಸುಮಾರು 12.7 ಲಕ್ಷ. ಮುಂದಿನ ಲೆಕ್ಕವೆಲ್ಲ ಈ ಅಂತರದ ಮೇಲೆ ನಿಂತಿದೆ.

ವಯಸ್ಸಿನ ಅಂಕಿಗಳು ಎಲ್ಲಿಂದ ಬಂದವು ಎನ್ನುವುದನ್ನು ಮೊದಲು ನೋಡಿಕೊಳ್ಳಬೇಕು. ಮತಪತ್ರದಲ್ಲಿ ಯಾರ ವಯಸ್ಸೂ ಇರುವುದಿಲ್ಲ. ಇರುವುದೆಲ್ಲ ಸಮೀಕ್ಷೆ. ಲಾರ್ಡ್ ಆಶ್‌ಕ್ರಾಫ್ಟ್ ಅವರು ಮತ ಹಾಕಿದ 12,369 ಜನರನ್ನು ಕೇಳಿಸಿದ ಸಮೀಕ್ಷೆಯಲ್ಲಿ 18–24ರವರಲ್ಲಿ 73%, 25–34ರವರಲ್ಲಿ 62%, 35–44ರವರಲ್ಲಿ 52% ಉಳಿಯುವ ಪರ. 45–54ಕ್ಕೆ ಬಂದರೆ 44%, 65 ದಾಟಿದವರಲ್ಲಿ 40%. ಯೂಗವ್ ಸಂಸ್ಥೆಯ ಸಮೀಕ್ಷೆಯಲ್ಲಿ ಕಿರಿಯರದು 71%, 65 ದಾಟಿದವರದು 36%. ತಕ್ಕಡಿ ವಾಲುವುದು ನಲವತ್ತೈದರ ಆಸುಪಾಸಿನಲ್ಲೇ ಎಂಬುದನ್ನು ಗಮನಿಸಿ. ಅವರು ಮುದುಕರಲ್ಲ, ದಿನಾ ಕೆಲಸಕ್ಕೆ ಹೋಗುವ, ಮನೆಸಾಲದ ಕಂತು ಕಟ್ಟುವ ಜನ.

ಇನ್ನು ‘ಮನೇಲಿ ಕೂತರು’ ಎಂಬ ಆರೋಪ. ಫಲಿತಾಂಶದ ಬೆನ್ನಿಗೇ 18–24ರವರಲ್ಲಿ ಮತ ಹಾಕಿದ್ದು ಬರೀ 36% ಎಂಬ ಅಂಕಿ ಎಲ್ಲೆಡೆ ಹರಿದಾಡಿತು. ಅದು ಆ ದಿನದ ಮತದಾನವನ್ನು ಅಳೆದದ್ದಲ್ಲ, ಹಿಂದಿನ ಸಮೀಕ್ಷೆಗಳ ಉತ್ತರಗಳಿಂದ ಮಾಡಿದ ಅಂದಾಜು. ಆಮೇಲೆ ಒಪಿನಿಯಮ್ ಸಂಸ್ಥೆಯ ಸಮೀಕ್ಷೆಯನ್ನು ಆಧರಿಸಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನವರು ಕೊಟ್ಟ ಅಂದಾಜು: ಮತದಾರರ ಪಟ್ಟಿಯಲ್ಲಿ ಹೆಸರಿದ್ದ ಕಿರಿಯರಲ್ಲಿ 64%, 65 ದಾಟಿದವರಲ್ಲಿ 90%. ಹಿರಿಯರಿಗಿಂತ ಕಡಿಮೆ ಹೌದು, ಆದರೆ ಮೂವರಲ್ಲಿ ಇಬ್ಬರು ಹೋಗಿದ್ದರು.

ಈಗ ಪೆನ್ನು ಹಿಡಿಯೋಣ. 18–24ರ ವಯಸ್ಸಿನವರು ಬ್ರಿಟನ್ನಿನಲ್ಲಿ ಸುಮಾರು 58 ಲಕ್ಷ, ಸದ್ಯಕ್ಕೆ ಎಲ್ಲರ ಹೆಸರೂ ಪಟ್ಟಿಯಲ್ಲಿತ್ತು ಎಂದಿಟ್ಟುಕೊಳ್ಳಿ. 71–29ರ ಪ್ರಮಾಣದಲ್ಲಿ ಇನ್ನೂ ನೂರು ಹುಡುಗರು ಬಂದರೆ ಉಳಿಯುವ ಪಾಳಯಕ್ಕೆ ನಿವ್ವಳ ಲಾಭ 42 ಮತ. 12.7 ಲಕ್ಷದ ಅಂತರ ಮುಚ್ಚಲು 30 ಲಕ್ಷ ಹೊಸ ಮತಗಳು ಬೇಕು. 64% ಲೆಕ್ಕದಲ್ಲಿ ಮತ ಹಾಕದೆ ಉಳಿದವರೇ 21 ಲಕ್ಷ. ಅವರಲ್ಲಿ ಕಟ್ಟಕಡೆಯವನನ್ನೂ ಎಳೆದು ತಂದರೂ ಅಂತರ 9 ಲಕ್ಷದಷ್ಟು ಇಳಿಯುತ್ತದೆ, ಮುಚ್ಚುವುದಿಲ್ಲ. ಹಿರಿಯರಂತೆ 90% ಬಂದಿದ್ದರೆ ಸಿಗುತ್ತಿದ್ದುದು 6.3 ಲಕ್ಷ, ಅಂದರೆ ಅಂತರದ ಅರ್ಧ. 2014ರ ಸ್ಕಾಟ್ಲೆಂಡ್ ಜನಮತಗಣನೆಯ ಹಾಗೆ 16–17ರವರಿಗೂ ಹಕ್ಕು ಕೊಟ್ಟಿದ್ದರೆ? ಸಂಸತ್ತಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್ ಇದನ್ನು ಒಪ್ಪಿತ್ತು, ಕೆಳಮನೆ ಕಾಮನ್ಸ್ ತಳ್ಳಿಹಾಕಿತು. ಸುಮಾರು 15 ಲಕ್ಷ ಮಂದಿಗೆ ಇದೇ 64%, ಇದೇ 42 ಹಾಕಿದರೆ ಇನ್ನೊಂದು 4 ಲಕ್ಷ. ಎರಡೂ ಸೇರಿ 10.3 ಲಕ್ಷ. ಆಗಲೂ ಸಾಲದು. ಆ 36% ನಿಜವಾಗಿದ್ದರೆ ಮಾತ್ರ ಎಲ್ಲರೂ ಬಂದು ಅಂತರ ಮುಚ್ಚಬಹುದಿತ್ತು. ಅದೂ ಮತ ಹಾಕದವರು ಹಾಕಿದವರಂತೆಯೇ ಯೋಚಿಸುತ್ತಾರೆ ಎಂದು ನಂಬಿದರೆ.

64% ಎನ್ನುವುದು ಪಟ್ಟಿಯಲ್ಲಿದ್ದವರ ಲೆಕ್ಕ. ಪಟ್ಟಿಗೇ ಸೇರದವರ ಕಥೆ ಬೇರೆ, ಅಲ್ಲೇ ನಿಜವಾದ ತೊಡಕಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2014ರವರೆಗೆ ಮನೆಯ ಒಬ್ಬರು ಅರ್ಜಿ ತುಂಬಿದರೆ ಎಲ್ಲರ ಹೆಸರೂ ಸೇರುತ್ತಿತ್ತು. ವಿಶ್ವವಿದ್ಯಾಲಯಗಳು ಹಾಸ್ಟೆಲ್ ವಿದ್ಯಾರ್ಥಿಗಳನ್ನು ಒಟ್ಟಾಗಿ ಸೇರಿಸುತ್ತಿದ್ದವು. ಆಮೇಲೆ ಪ್ರತಿಯೊಬ್ಬರೂ ತಮ್ಮ ನ್ಯಾಷನಲ್ ಇನ್ಶೂರೆನ್ಸ್ (ಸಾಮಾಜಿಕ ವಿಮೆ) ಸಂಖ್ಯೆ ಕೊಟ್ಟು ಸ್ವತಃ ನೋಂದಾಯಿಸಬೇಕಾಯಿತು. ಪದೇಪದೇ ಬಾಡಿಗೆ ಮನೆ ಬದಲಿಸುವವರ ಹೆಸರು ಮೊದಲು ಬಿಟ್ಟುಹೋಗುತ್ತದೆ. ಮತದಾನದ ಹೊತ್ತಿಗೆ ಎಷ್ಟೋ ವಿದ್ಯಾರ್ಥಿಗಳು ಊರಿಗೆ ಹೋಗಿದ್ದರು. ಎರಡೂ ವಿಳಾಸದಲ್ಲಿ ಹೆಸರಿಡಲು ಅವಕಾಶವಿದೆ, ಮತ ಒಂದೇ ಕಡೆ. ಕಾಲೇಜಿನ ವಿಳಾಸದಲ್ಲಷ್ಟೇ ಹೆಸರಿದ್ದು ಅಂಚೆ ಮತ ಕೇಳದಿದ್ದವರಿಗೆ ಊರಿನ ಮತಗಟ್ಟೆಯಲ್ಲಿ ಏನೂ ಮಾಡುವಂತಿರಲಿಲ್ಲ. ಜೂನ್ 7ರ ರಾತ್ರಿ, ಕೊನೆಯ ಗಳಿಗೆಯಲ್ಲಿ, ನೋಂದಣಿ ಜಾಲತಾಣವೇ ಕುಸಿಯಿತು. ಗಡುವನ್ನು ಜೂನ್ 9ಕ್ಕೆ ಮುಂದೂಡಿದ ಮೇಲೆ 4 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಅವುಗಳಲ್ಲಿ ಆಗಲೇ ಹೆಸರಿದ್ದವರು ಮತ್ತೊಮ್ಮೆ ಹಾಕಿದ ಅರ್ಜಿಗಳೂ ಕಡಿಮೆಯಿರಲಿಲ್ಲ. ಆ ಜಾಲತಾಣದಲ್ಲಿ ‘ನನ್ನ ಹೆಸರು ಇದೆಯಾ’ ಎಂದು ನೋಡುವ ವ್ಯವಸ್ಥೆಯೇ ಇರಲಿಲ್ಲ.

ಹುಡುಗರಿಂದಲ್ಲದಿದ್ದರೆ ಸೋತದ್ದೆಲ್ಲಿ? ನಾಯಕರ ಪ್ರಚಾರಕ್ಕೆ ಬರೋಣ.

ಕಾರ್ಬಿನ್ 1975ರಲ್ಲಿ ನಡೆದ ಇಂಥದ್ದೇ ಜನಮತಗಣನೆಯಲ್ಲಿ ಯುರೋಪಿನ ವಿರುದ್ಧ ಮತ ಹಾಕಿದ್ದವರು. 2016ರಲ್ಲಿ ಪಕ್ಷದ ನಿಲುವಿನಂತೆ ಉಳಿಯುವ ಪರ ನಿಂತರು, ಹೋಗದಿದ್ದರೆ ತಪ್ಪಾಗುತ್ತದೆಂದು ದೂರದ ನೆಂಟರ ಮದುವೆಗೆ ಹೋದ ಹಾಗೆ. ಟಿವಿಯ ಹಾಸ್ಯ ಕಾರ್ಯಕ್ರಮವೊಂದರಲ್ಲಿ ಒಕ್ಕೂಟದ ಬಗೆಗಿನ ತಮ್ಮ ಉತ್ಸಾಹಕ್ಕೆ ಹತ್ತಕ್ಕೆ ಏಳೋ ಏಳೂವರೆಯೋ ಅಂಕ ಕೊಟ್ಟುಕೊಂಡರು. ಪ್ರಧಾನಿ ಡೇವಿಡ್ ಕ್ಯಾಮರೂನ್ ಜೊತೆ ಒಂದೇ ವೇದಿಕೆ ಹತ್ತಲು ಒಪ್ಪಲಿಲ್ಲ. ಸೋತ ಐದೇ ದಿನಕ್ಕೆ ಅವರದೇ ಸಂಸದರು 172–40ರಿಂದ ಅವಿಶ್ವಾಸ ಸೂಚಿಸಿದರು.

ಆದರೆ ಆಶ್‌ಕ್ರಾಫ್ಟ್ ಪಟ್ಟಿಯ ಇನ್ನೊಂದು ಪುಟ ನೋಡಿ. 2015ರಲ್ಲಿ ಲೇಬರ್‌ಗೆ ಹಾಕಿದವರಲ್ಲಿ ಉಳಿಯುವ ಪರ 63%. ನಿಕೋಲಾ ಸ್ಟರ್ಜನ್ ಗಂಟಲು ಬಿಚ್ಚಿ ಪ್ರಚಾರ ಮಾಡಿದ ಸ್ಕಾಟಿಷ್ ನ್ಯಾಷನಲ್ ಪಕ್ಷದವರಲ್ಲಿ 64%. ಒಂದೇ ಅಂಶದ ವ್ಯತ್ಯಾಸ! ಜನಮತಗಣನೆ ಕರೆದು ಉಳಿಯೋಣ ಎಂದೇ ಪ್ರಚಾರ ಮಾಡಿದ ಕ್ಯಾಮರೂನ್ ಅವರ ಕನ್ಸರ್ವೇಟಿವ್ ಪಕ್ಷದವರಲ್ಲಿ ಬರೀ 42%. ಒಂದು ಮತ ಆ ಕಡೆಯಿಂದ ಈ ಕಡೆಗೆ ಬಂದರೆ ಅಂತರ ಎರಡು ಇಳಿಯುತ್ತದೆ, 6.4 ಲಕ್ಷ ಜನರ ಮನಸ್ಸು ತಿರುಗಿದ್ದರೆ ಸಾಕಿತ್ತು. 93 ಲಕ್ಷ ಲೇಬರ್ ಮತದಾರರೆಲ್ಲ ಮತ ಹಾಕಿದರು ಎಂದುಕೊಂಡರೆ 63ನ್ನು 70ಕ್ಕೆ ಏರಿಸಬೇಕಿತ್ತು. 1.13 ಕೋಟಿ ಕನ್ಸರ್ವೇಟಿವ್ ಮತದಾರರಲ್ಲಿ 42ನ್ನು 48ಕ್ಕೆ ತಂದಿದ್ದರೂ ಸಾಕು, ಅದು ಅರ್ಧವೂ ಅಲ್ಲ. ಇದರಲ್ಲಿ ಯಾವುದು ಸುಲಭವಿತ್ತು ಎಂದರೆ ಎರಡನೆಯದು ಎನ್ನುತ್ತೇನೆ. ಅಡ್ಡಬಂದವರು ಕ್ಯಾಮರೂನ್ ಅವರದೇ ಸಂಪುಟದ ಮೈಕೆಲ್ ಗೋವ್, ಅವರದೇ ಪಕ್ಷದ ಬೋರಿಸ್ ಜಾನ್ಸನ್.

ಉಳಿಯುವ ಪಾಳಯದ ಪ್ರಚಾರದ ಸರಕೂ ತಪ್ಪು ವಿಳಾಸಕ್ಕೆ ಹೋಯಿತು. ಹೊರಬಂದರೆ 2030ರ ಹೊತ್ತಿಗೆ ಪ್ರತಿ ಕುಟುಂಬಕ್ಕೆ ವರ್ಷಕ್ಕೆ 4,300 ಪೌಂಡ್ ಖೋತಾ ಎಂದು ಹಣಕಾಸು ಸಚಿವ ಜಾರ್ಜ್ ಆಸ್ಬರ್ನ್ ಹೆದರಿಸಿದರು. ಮನೆಗಳ ಬೆಲೆ 10ರಿಂದ 18% ತಗ್ಗಬಹುದು ಎಂದೂ ಹೇಳಿದರು. ಮನೆ ಕೊಳ್ಳಲಾಗದೆ ಒದ್ದಾಡುವ 28ರ ಹರೆಯದವರಿಗೆ ಅದು ಬೆದರಿಕೆಯೋ, ಶುಭವಾರ್ತೆಯೋ? ಎದುರು ಪಾಳಯದವರು ಬಸ್ಸಿನ ಮೇಲೆ ಒಕ್ಕೂಟಕ್ಕೆ ವಾರಕ್ಕೆ 35 ಕೋಟಿ ಪೌಂಡ್ ಕೊಡುತ್ತಿದ್ದೇವೆ ಎಂದು ಬರೆಸಿ, ಆ ಹಣ ಸರ್ಕಾರಿ ಆಸ್ಪತ್ರೆಗಳಿಗೆ ಬರಲಿ ಎಂದರು. ಬ್ರಿಟನ್ನಿಗೆ ಆಗ ಸಿಗುತ್ತಿದ್ದ ರಿಯಾಯಿತಿಯನ್ನು ಕಳೆಯದೆ ತೆಗೆದ ದಾರಿ ತಪ್ಪಿಸುವ ಅಂಕಿ ಅದು. ಆದರೆ ಆಸ್ಪತ್ರೆಗೆ ಹೆಚ್ಚು ಎಡತಾಕುವ ವಯಸ್ಸಿನವರಿಗೆ ನೇರ ತಲುಪಿತು.

ವಯಸ್ಸಾದಂತೆ ಯುರೋಪ್ ಬೇಡವಾಗುತ್ತದೆ ಎಂಬ ಸೂತ್ರವೇನೂ ಇಲ್ಲ. 1975ರ ಜೂನ್ 5ರಂದು ಇದೇ ಬ್ರಿಟನ್ 67% ಮತದಿಂದ ಉಳಿಯಿತು. ಆಗ ಹಿರಿಯರಿಗಿಂತ ಕಿರಿಯರಲ್ಲೇ ಉತ್ಸಾಹ ತುಸು ಕಡಿಮೆ. ಆಗ 18–24ರಲ್ಲಿದ್ದವರು 2016ಕ್ಕೆ 59–65ರವರು. ಓದಿನ ಪಾತ್ರವೂ ದೊಡ್ಡದು: ಪದವೀಧರರಲ್ಲಿ 57% ಉಳಿಯುವ ಪರ, ಮತ್ತು ಹಿರಿಯರಿಗಿಂತ ಕಿರಿಯರಲ್ಲಿ ಪದವೀಧರರು ಬಹಳ ಹೆಚ್ಚು. ಹಾಗಾಗಿ ವಯಸ್ಸಿನ ಪಟ್ಟಿಯಲ್ಲಿ ಕಾಣುವುದರಲ್ಲಿ ಒಂದು ಪಾಲು ಓದಿನದೇ. ಇನ್ನು ನಮ್ಮವರು ಚೆನ್ನಾಗಿ ಬಲ್ಲ ನಾರಾಯಣ ಮೂರ್ತಿಯವರ ಅಳಿಯ ರಿಷಿ ಸುನಕ್, ಆಗ 36ರ ಹರೆಯ, ಆಕ್ಸ್‌ಫರ್ಡ್ ಪದವೀಧರ, ಹೊರಬರುವ ಪರವೇ ಇದ್ದರು.

ಕಡೆಗೆ ‘ಅಲ್ಲಿರುವ ನಮ್ಮ ಹುಡುಗರಿಗೂ ವೋಟಿತ್ತಾ?’ ಎಂದು ಕೇಳುವವರಿಗೆ: ಇತ್ತು. ಬ್ರಿಟನ್ನಿನಲ್ಲಿ ನೆಲೆಸಿದ ಕಾಮನ್‌ವೆಲ್ತ್ ಪ್ರಜೆಗಳಿಗೆ ಹಕ್ಕಿತ್ತು, ಹಾಗಾಗಿ ಭಾರತದ ಪಾಸ್‌ಪೋರ್ಟ್ ಹಿಡಿದ ಕನ್ನಡಿಗರೂ ಮತ ಹಾಕಬಹುದಿತ್ತು. ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದ ಇಟಲಿಯವರಿಗೆ ಇರಲಿಲ್ಲ. ಸಂಸತ್ ಚುನಾವಣೆಗೂ ಈ ಹಕ್ಕು ಇದೆ: 18 ತುಂಬಿರಬೇಕು, ವೀಸಾ ಚಾಲ್ತಿಯಲ್ಲಿರಬೇಕು, ಮನೆ ಬದಲಿಸಿದಾಗಲೆಲ್ಲ ಹೊಸ ವಿಳಾಸದಿಂದ ನೀವೇ ಮತ್ತೆ ನೋಂದಾಯಿಸಬೇಕು. ಮತಗಟ್ಟೆಯಲ್ಲಿ ಗುರುತಿಗೆ ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ.