ಸರ್, ನೀವು ಯಾವ ಲೆವೆಲ್ ಆಡೀರಿ?

ಬೆಳಗಾವಿಯ ಟಿಳಕವಾಡಿಯಲ್ಲಿ ದಿನಾ ಬೆಳಗ್ಗೆ ಆರಕ್ಕೆ ಮಕ್ಕಳಿಗೆ ಬಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ಮಗುವನ್ನು ಸೇರಿಸಲು ಬಂದ ಅಪ್ಪ-ಅಮ್ಮಂದಿರು ಫೀಸಿಗಿಂತ ಮೊದಲು ಕೇಳುವುದು ಇದನ್ನೇ: "ಸರ್, ನೀವು ಯಾವ ಲೆವೆಲ್ ಆಡೀರಿ? ನ್ಯಾಷನಲ್ ಆಡೀರೇನು?"

ಇಲ್ಲ. ವಿಶ್ವವಿದ್ಯಾಲಯದ ತಂಡದಲ್ಲಿ ಎರಡು ವರ್ಷ ಇದ್ದೆ. ಜಾಸ್ತಿ ಹೊತ್ತು ಬೆಂಚಿನ ಮೇಲೇ ಕೂತಿದ್ದೆ. ಇದನ್ನು ಹೇಳಿದ ಕೂಡಲೇ ಅವರ ಮುಖದಲ್ಲಿ ಅನುಮಾನ ಕಾಣುತ್ತದೆ. ಅನುಮಾನ ತಪ್ಪಲ್ಲ. ಮಗುವಿನ ವಿಷಯ, ಕೇಳಲೇಬೇಕು. ಆದರೆ ಗೇಟಿನ ಹತ್ತಿರ ನಿಂತು ಹೇಳಿ ಮುಗಿಸುವ ಉತ್ತರ ಅಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ.

ಈ ಪ್ರಶ್ನೆ ಬಂದಾಗೆಲ್ಲ ನನಗೆ ಸ್ಟೀವ್ ಕರ್ ನೆನಪಾಗುತ್ತಾರೆ. ಅಮೆರಿಕದ ಎನ್‌ಬಿಎ ಲೀಗಿನಲ್ಲಿ ಅವರು 15 ಸೀಸನ್ ಆಡಿದರು, ಒಟ್ಟು 910 ಪಂದ್ಯ. ಅದರಲ್ಲಿ ಶುರುವಿನ ಐವರಲ್ಲಿ ಒಬ್ಬರಾಗಿ ಇಳಿದಿದ್ದು 30 ಸಲ ಮಾತ್ರ. ಪಂದ್ಯಕ್ಕೆ ಸರಾಸರಿ 6 ಪಾಯಿಂಟು. ಆದರೂ ದೂರದಿಂದ ಹಾಕಿದ ಥ್ರೀ ಪಾಯಿಂಟರ್‌ಗಳಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಒಳಗೆ ಬಿದ್ದವು. ಅದು ಆ ಲೀಗಿನ ದಾಖಲೆ. ಗಂಟೆಗಟ್ಟಲೆ ಕೂತು, ತಣ್ಣಗಾದ ಕೈಯಲ್ಲಿ ಎದ್ದು ಬಂದು ಗುರಿ ಇಡುವುದು ಎಷ್ಟು ಕಷ್ಟ ಅಂತ ಬೆಂಚಿನಲ್ಲಿ ಕೂತವರಿಗೆ ಗೊತ್ತು.

1997ರ ಫೈನಲ್ಸ್‌ನ ಆರನೇ ಪಂದ್ಯ. ಅಲ್ಲಿ ಫೈನಲ್ಸ್ ಅಂದರೆ ಒಂದೇ ಪಂದ್ಯ ಅಲ್ಲ, ಮೊದಲು ನಾಲ್ಕು ಗೆದ್ದವರು ಚಾಂಪಿಯನ್. ಕರ್ ಆಡುತ್ತಿದ್ದ ಚಿಕಾಗೊ ಬುಲ್ಸ್ ಮತ್ತು ಯೂಟಾ ಜಾಝ್, ಸ್ಕೋರು 86-86. ಎಲ್ಲರ ಕಣ್ಣು ಬುಲ್ಸ್‌ನ ಮೈಕಲ್ ಜೋರ್ಡಾನ್ ಮೇಲೆ. ಇಬ್ಬರು ಸೇರಿ ಜೋರ್ಡಾನ್‌ಗೆ ಅಡ್ಡ ಬಂದರು. ಜೋರ್ಡಾನ್ ಚೆಂಡನ್ನು ಕರ್ ಕೈಗೆ ಕೊಟ್ಟರು. ಐದು ಸೆಕೆಂಡು ಉಳಿದಿತ್ತು. ಕರ್ ಹಾಕಿದರು, ಬುಲ್ಸ್ ಚಾಂಪಿಯನ್ ಆಯಿತು.

ಆ 15 ಸೀಸನ್‌ನಲ್ಲಿ ಬೆಂಚಿನ ಮೇಲೆ ಕೂತು ಅವರು ಏನು ನೋಡಿದರು ಅನ್ನುವುದು ನನಗೆ ಮುಖ್ಯ. ಚಿಕಾಗೊದಲ್ಲಿ ಪಕ್ಕದಲ್ಲಿದ್ದ ಕೋಚ್ ಫಿಲ್ ಜ್ಯಾಕ್ಸನ್. ಸ್ಯಾನ್ ಆಂಟೋನಿಯೊದಲ್ಲಿ ಗ್ರೆಗ್ ಪೊಪೊವಿಚ್. ಕೋಚ್ ಆಗಿ ಈ ಇಬ್ಬರು ಗೆದ್ದ ಎನ್‌ಬಿಎ ಚಾಂಪಿಯನ್‌ಶಿಪ್ ಒಟ್ಟು 16.

2014ರಲ್ಲಿ ಕರ್ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ ಕೋಚ್ ಆದರು. ಅದಕ್ಕೂ ಮೊದಲು ಅವರು ಫೀನಿಕ್ಸ್ ತಂಡದ ಮ್ಯಾನೇಜರ್ ಆಗಿದ್ದರು, ಟಿವಿಯಲ್ಲಿ ಕಾಮೆಂಟರಿ ಹೇಳಿದ್ದರು. ಎನ್‌ಬಿಎಯಲ್ಲಿ ಸಹಾಯಕ ಕೋಚ್ ಕೂಡ ಆಗಿರಲಿಲ್ಲ. ತಂಡ ಹಿಂದಿನ ಸೀಸನ್‌ನಲ್ಲಿ 51 ಪಂದ್ಯ ಗೆದ್ದಿತ್ತು. ಆದರೆ ಪಾಸ್ ಕೊಡುವುದರಲ್ಲಿ ಲೀಗಿಗೇ ಕೊನೆ. ಕರ್ ಡಿಫೆನ್ಸ್ ಮುಟ್ಟಲಿಲ್ಲ, ಅದನ್ನು ಕಟ್ಟಿದ ಹಳೆಯ ಕೋಚನ್ನು ಹೊಗಳಿದರು. ಪಂದ್ಯಕ್ಕೆ 300 ಪಾಸ್ ಆಗಬೇಕು ಅಂತ ಗುರಿ ಇಟ್ಟರು.

ಇನ್ನೊಂದು ಕೆಲಸ ಮಾಡಿದರು. ನನಗೆ ಇದೇ ಎಲ್ಲಕ್ಕಿಂತ ದೊಡ್ಡದು. ಆಂಡ್ರೆ ಇಗ್ವಾಡಾಲ ಅಲ್ಲಿಯವರೆಗೆ ಲೀಗಿನಲ್ಲಿ ಆಡಿದ 758 ಪಂದ್ಯದಲ್ಲೂ ಶುರುವಿನ ಐವರಲ್ಲಿ ಇದ್ದವರು. ಅವರಿಗೆ ಕರ್, ನೀವು ಬೆಂಚಿನಿಂದ ಬನ್ನಿ ಅಂದರು. ದೊಡ್ಡ ಆಟಗಾರನಿಗೆ ಈ ಮಾತು ಹೇಳೋದು ಸುಲಭ ಅಲ್ವಲ್ಲ. ಇಗ್ವಾಡಾಲ ಒಪ್ಪಿಕೊಂಡರು. 2015ರ ಫೈನಲ್ಸ್‌ನಲ್ಲಿ ವಾರಿಯರ್ಸ್ 2-1ರಿಂದ ಹಿಂದೆ ಬಿದ್ದಾಗ, ಇಗ್ವಾಡಾಲರನ್ನು ಮೊದಲಿಂದಲೇ ಇಳಿಸೋಣ ಅಂತ ಸಲಹೆ ಕೊಟ್ಟವರು ನಿಕ್ ಯುರೆನ್. ಆಗ ಅವರಿಗೆ 28 ವರ್ಷ, ಕರ್ ಅವರ ಸಹಾಯಕ ಸಿಬ್ಬಂದಿ. ಕರ್ ಆ ಹುಡುಗನ ಮಾತು ಕೇಳಿದರು. ಆಮೇಲೆ ಮೂರು ಪಂದ್ಯವನ್ನೂ ಗೆದ್ದರು. 40 ವರ್ಷದ ನಂತರ ತಂಡಕ್ಕೆ ಚಾಂಪಿಯನ್‌ಶಿಪ್. ಫೈನಲ್ಸ್‌ನ ಶ್ರೇಷ್ಠ ಆಟಗಾರ ಇಗ್ವಾಡಾಲ.

ಬೆಂಚಿನಲ್ಲಿ ಕೂತು ಬಂದವನಿಗೆ ಕೂತವನ ಮನಸ್ಸು ತಿಳಿಯುತ್ತದೆ ಅಂತ ನಾನು ನಂಬಿದ್ದೇನೆ.

ಹಾಗಂತ ದೊಡ್ಡ ಆಟಗಾರರಿಗೆ ಕೋಚಿಂಗ್ ಬರೋದಿಲ್ಲ ಅಂತ ಅಲ್ಲ. ಲ್ಯಾರಿ ಬರ್ಡ್ ಇಂಡಿಯಾನ ತಂಡಕ್ಕೆ ಬಂದ ಮೊದಲ ಸೀಸನ್‌ನಲ್ಲೇ ವರ್ಷದ ಕೋಚ್ ಆದರು, 2000ದಲ್ಲಿ ತಂಡವನ್ನು ಫೈನಲ್ಸ್‌ಗೆ ಮುಟ್ಟಿಸಿದರು. ಮ್ಯಾಜಿಕ್ ಜಾನ್ಸನ್ 1994ರಲ್ಲಿ ಲೇಕರ್ಸ್ ಕೋಚ್ ಆಗಿ 16 ಪಂದ್ಯ ನೋಡಿಕೊಂಡರು, 5 ಗೆದ್ದು 11 ಸೋತು ಬಿಟ್ಟರು. ಇಬ್ಬರೂ ಆಟದಲ್ಲಿ ಶಿಖರ ಮುಟ್ಟಿದವರೇ. ಕೋಚ್ ಆಗಿ ಒಬ್ಬರ ದಾರಿ ಹಾಗೆ, ಇನ್ನೊಬ್ಬರದು ಹೀಗೆ.

ನಮ್ಮ ಊರಿನ ಗರಡಿಯ ವಸ್ತಾದರನ್ನು ಯಾರೂ ಎಷ್ಟು ಕುಸ್ತಿ ಗೆದ್ದೀರಿ ಅಂತ ಕೇಳಿದ್ದು ನಾನು ನೋಡಿಲ್ಲ. ಮೊಣಕಾಲು ಪೆಟ್ಟಾಗಿ ಅವರು ಬೇಗ ಕಣ ಬಿಟ್ಟಿದ್ದರು. ಸಂಜೆ ಗೋಡೆಗೆ ಒರಗಿ ಕೂತು, "ಲೇ, ಬಲಗಾಲು ತಡಾ ಇಡಾಕತ್ತಿ" ಅಂತ ಒಂದೇ ಮಾತು ಹೇಳುತ್ತಿದ್ದರು. ಮರುದಿನ ಆ ಪೈಲ್ವಾನ ಬೀಳುತ್ತಿರಲಿಲ್ಲ. ಜನ ಅವರ ಶಿಷ್ಯರನ್ನು ನೋಡಿ ಮಕ್ಕಳನ್ನು ಕಳಿಸುತ್ತಿದ್ದರು.

ಹೋದ ಮಳೆಗಾಲದಲ್ಲಿ ನಮ್ಮ ಕೋರ್ಟಿನ ಸಿಮೆಂಟು ಪಾಚಿ ಕಟ್ಟಿತ್ತು. ಕಾಲು ಜಾರುತ್ತದೆ ಅಂತ ವಾರಗಟ್ಟಲೆ ಶೆಡ್ಡಿನಲ್ಲೇ ಡ್ರಿಬ್ಲಿಂಗ್ ಮಾಡಿಸಿದೆ, ಹಳೆ ಪಂದ್ಯದ ವಿಡಿಯೊ ತೋರಿಸಿದೆ. ಹದಿಮೂರು ವರ್ಷದ ಒಬ್ಬ ಹುಡುಗಿ ತಂಡದಲ್ಲಿ ಹತ್ತನೆಯವಳು. ಆಟಕ್ಕೆ ಇಳಿಯುವುದು ಅಪರೂಪ. ಅವಳು ಮೆಲ್ಲಗೆ, "ಸರ್, ಆ ಏಳನೇ ನಂಬರಿನಾಕಿ ಎಡಕ್ಕ ಹೋಗೋದೇ ಇಲ್ಲ ನೋಡ್ರಿ" ಅಂದಳು. ಆ ಪಂದ್ಯ ನಾನು ನಾಲ್ಕು ಸಲ ನೋಡಿದ್ದೆ, ನನಗೆ ಕಂಡಿರಲಿಲ್ಲ.

2018ರ ಫೆಬ್ರವರಿಯಲ್ಲಿ ಕರ್ ಒಂದು ಪಂದ್ಯದ ಟೈಮ್ ಔಟ್‌ಗಳಲ್ಲಿ ಬೋರ್ಡು, ಪೆನ್ನು ಆಟಗಾರರ ಕೈಗೇ ಕೊಟ್ಟಿದ್ದರು. ನಾನೂ ಅವತ್ತು ಬೋರ್ಡು ಆ ಹುಡುಗಿಗೆ ಕೊಟ್ಟೆ. ಅವಳು ಬಾಣ ಎಳೆದು ತೋರಿಸಿದಳು, ಉಳಿದ ಒಂಬತ್ತು ಮಂದಿ ಅವಳ ಸುತ್ತ ಬಗ್ಗಿ ನೋಡಿದರು. ಮುಂದಿನ ಪಂದ್ಯದಲ್ಲಿ ಏಳನೇ ನಂಬರಿನವಳನ್ನು ಎಡಕ್ಕೇ ತಳ್ಳಿದೆವು. ಮೂರು ಪಾಯಿಂಟಿನಿಂದ ಸೋತೆವು, ಹಿಂದಿನ ಸಲ ಹದಿನೆಂಟರಿಂದ ಸೋತಿದ್ದೆವು. ಈಗ ಬೋರ್ಡು ಆ ಹುಡುಗಿಯ ಚೀಲದಲ್ಲೇ ಇರುತ್ತದೆ.