ಟ್ಯೂಬ್ ಕತ್ತರಿಸಿದಾಗಿನ ಆ 'ಉಸ್'

1998ರಲ್ಲಿ ಫ್ರಿಜ್ ರಿಪೇರಿ ಅಂಗಡಿಗೆ ಹೆಲ್ಪರ್ ಆಗಿ ಸೇರಿದಾಗ ನಾನು ಕಲಿತ ಮೊದಲ ಕೆಲಸ ಗ್ಯಾಸ್ ಬಿಡೋದು. ಟ್ಯೂಬ್ ಕಟ್ ಮಾಡು, ಉಸ್ ಅಂತ ಹೋಗಲಿ, ಆಮೇಲೆ ವೆಲ್ಡಿಂಗ್. ಒಳಗಿದ್ದದ್ದು ಆರ್-12, ಫ್ರಿಜ್ ತಣ್ಣಗೆ ಮಾಡೋ ಗ್ಯಾಸು. ಬೆಂಕಿ ಹತ್ತಲ್ಲ, ವಾಸನೆಯೂ ಅಷ್ಟಕ್ಕಷ್ಟೇ. ಯಾರಿಗೇನು ತೊಂದರೆ?

ಎಷ್ಟೋ ವರ್ಷದ ಮೇಲೆ ಒಂದು ಟ್ರೈನಿಂಗ್‌ನಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬರೆದರು. ನೂರು ವರ್ಷದ ಲೆಕ್ಕದಲ್ಲಿ ಭೂಮಿಯನ್ನು ಬಿಸಿ ಮಾಡೋದರಲ್ಲಿ ಒಂದು ಕಿಲೋ ಆರ್-12, ಹತ್ತು ಸಾವಿರ ಕಿಲೋಗೂ ಹೆಚ್ಚು ಕಾರ್ಬನ್ ಡೈಆಕ್ಸೈಡಿಗೆ ಸಮ. ಒಂದು ಫ್ರಿಜ್ಜಿಗೆ 150 ಗ್ರಾಂ ಅಂತ ಹಿಡಿದರೂ ನನ್ನ ಒಂದೊಂದು 'ಉಸ್' ಒಂದೂವರೆ ಟನ್ ಕಾರ್ಬನ್ ಡೈಆಕ್ಸೈಡಿಗೆ ಸಮ. ದಿನಕ್ಕೆರಡು ಫ್ರಿಜ್ ಅಂತ ಗುಣಿಸೋಕೆ ಹೊರಟವನು ಅರ್ಧಕ್ಕೇ ನಿಲ್ಲಿಸಿದೆ.

ಆರ್-12 ಇನ್ನೊಂದು ಹಾನಿಯನ್ನೂ ಮಾಡುತ್ತೆ: ಸೂರ್ಯನ ನೇರಳಾತೀತ ಕಿರಣ ತಡೆಯೋ ಆಕಾಶದ ಓಜೋನ್ ಪದರವನ್ನು ತಿನ್ನುತ್ತೆ. ವಿಜ್ಞಾನಿಗಳು ಓಜೋನ್ ತೂತು ತೋರಿಸಿದರು, ಆರ್-12 ನಿಂತಿತು ಅಂತಲೇ ನಾನು ತಿಳಿದಿದ್ದೆ. ಅಷ್ಟು ಸಲೀಸಾಗಿರಲಿಲ್ಲ. 1987ರಲ್ಲಿ ಇಂಥ ಗ್ಯಾಸುಗಳಿಗೆ ಕಡಿವಾಣ ಹಾಕೋ ಅಂತಾರಾಷ್ಟ್ರೀಯ ಒಪ್ಪಂದದ ಮಾತು ನಡೆದಾಗ, ಅಮೆರಿಕದ ಅಧ್ಯಕ್ಷ ರೇಗನ್ ಸಂಪುಟದ ಮಂತ್ರಿ ಡೊನಾಲ್ಡ್ ಹೋಡೆಲ್, ಬಿಗಿ ಒಪ್ಪಂದವೇ ಬೇಡ ಅನ್ನೋ ಗುಂಪಿನಲ್ಲಿದ್ದರು. ಆ ಕಿರಣಕ್ಕೆ ಜನ ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡರೆ ಸಾಕು ಅಂದರಂತೆ ಅಂತ ಪತ್ರಿಕೆಗಳಲ್ಲಿ ಬಂದು ನಗೆಪಾಟಲಾಯಿತು. ಸರ್ಕಾರಿ ಕಟ್ಟುಪಾಡು ಅಂದರೇ ಆಗದ ರೇಗನ್, ಒಪ್ಪಂದ ಬೇಕು ಅಂದ ವಿದೇಶಾಂಗ ಮಂತ್ರಿ ಜಾರ್ಜ್ ಶುಲ್ಜ್ ಮಾತಿಗೆ ಒಪ್ಪಿದರು. (ಆ ಕಿರಣದಿಂದ ಚರ್ಮದ ಕ್ಯಾನ್ಸರ್ ಬರುತ್ತೆ; ರೇಗನ್ ಮೂಗಿನ ಮೇಲಿನ ಅಂಥದ್ದೇ ಕ್ಯಾನ್ಸರ್ ತೆಗೆಸಿಕೊಂಡಿದ್ದ ಮನುಷ್ಯ ಬೇರೆ.) ಸೆಪ್ಟೆಂಬರ್ 16ಕ್ಕೆ ಮಾಂಟ್ರಿಯಲ್‌ನಲ್ಲಿ ಸಹಿ ಬಿತ್ತು. ಅವತ್ತು ಹೋಡೆಲ್ ಮಾತು ನಡೆದಿದ್ದರೆ ನಾನು ಇವತ್ತಿಗೂ ಆರ್-12 ತುಂಬುತ್ತಾ ಇರುತ್ತಿದ್ದೆನೇನೋ.

ಇನ್ನೊಂದು ತಿರುವು ನಮ್ಮ ದೇಶದ್ದೇ. ಕೆಡಿಸಿದವರು ನೀವು, ಹೊಸ ಗ್ಯಾಸಿನ ಖರ್ಚು ನಾವ್ಯಾಕೆ ಹೊರಬೇಕು ಅಂತ ಶ್ರೀಮಂತ ದೇಶಗಳಿಗೆ ಹೇಳಿ ಭಾರತ ಒಪ್ಪಂದದಿಂದ ದೂರವೇ ನಿಂತಿತ್ತು. ನ್ಯಾಯವಾದ ಮಾತೇ. ಒಪ್ಪಂದದ 1990ರ ಲಂಡನ್ ಸಭೆಗೆ ನಮ್ಮ ಕಡೆಯಿಂದ ಹೋದವರು ಆಗಿನ ಪರಿಸರ ಮಂತ್ರಿ ಮೇನಕಾ ಗಾಂಧಿ. ಮೊದಲು ದುಡ್ಡು ಬಿಚ್ಚಲ್ಲ ಅಂದಿದ್ದ ಅಮೆರಿಕ ಕೊನೇ ಗಳಿಗೆಯಲ್ಲಿ ಮಣಿಯಿತು, ಬಡ ದೇಶಗಳಿಗೆ ನಿಧಿ ಸಿಕ್ಕಿತು, 1992ರಲ್ಲಿ ಭಾರತ ಸೇರಿತು. ಮೆಕ್ಯಾನಿಕ್‌ಗಳ ತರಬೇತಿಗೂ ಆ ನಿಧಿಯಿಂದ ದುಡ್ಡು ಬಂತು.

ತಮಾಷೆ ಅಂದರೆ, ಹವಾಮಾನಕ್ಕೆಂದೇ ಮಾಡಿದ ಕ್ಯೋಟೊ ಒಪ್ಪಂದದ 2008–2012ರ ಗುರಿಗಿಂತ ಐದಾರು ಪಟ್ಟು ಹೆಚ್ಚು ಬಿಸಿ ತಡೆದದ್ದು ಓಜೋನಿಗೆಂದು ಮಾಡಿದ ಈ ಒಪ್ಪಂದ.

ಈಗ ನನ್ನ ಹುಡುಗರು, ಆರ್-22 ಅನ್ನೋ ಗ್ಯಾಸಿನ ಹಳೇ ಎಸಿ ಬಿಚ್ಚುವ ಮುಂಚೆ ಗ್ಯಾಸ್ ಎಳೆದು ಸಿಲಿಂಡರಿಗೆ ತುಂಬೋ ರಿಕವರಿ ಮಷೀನ್ ಹಚ್ಚಲೇಬೇಕು. ಟೈಮ್ ಹಿಡಿಯುತ್ತೆ, ಬಿಲ್ಲಿನಲ್ಲಿ ಒಂದು ಸಾಲು ಹೆಚ್ಚಾಗುತ್ತೆ. 'ಅಣ್ಣಾ, ಇದೆಲ್ಲ ಯಾಕೆ, ಹಂಗೇ ಬಿಟ್ಬಿಡಿ' ಅಂತಾರೆ ಗಿರಾಕಿಗಳು. ಮೊನ್ನೆ ಒಬ್ಬರು ಬಹಳ ಜಗ್ಗಿದರು. ದುಡ್ಡು ಬಿಟ್ಟೆ, ಗ್ಯಾಸ್ ಬಿಡಲಿಲ್ಲ.